ಬಿರುಕಿನ ಮೇಲಿನ ಗಾಜು

ನನ್ನನ್ನು ಹಟಮಾರಿ ಎನ್ನುವವರು ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಸಾಲಾಗಿ ಸಿಗುತ್ತಾರೆ. ಹೆಚ್ಚಿನವರು ಕಲ್ಲಿನ ಕೋರೆಯ ಧಣಿಗಳು. ಗಣಿಗಾರಿಕೆಯಲ್ಲಿ ಡಿಪ್ಲೊಮಾ ಮಾಡಿದ ನಾನು ಸ್ಕೂಟರಿನಲ್ಲಿ ಐದು ಕೋರೆ ಸುತ್ತಿ, ಎಲ್ಲಿ ಬಂಡೆ ಸಡಿಲವಾಗಿದೆ, ಎಲ್ಲಿ ಅದರ ಕೆಳಗೆ ಜನ ನಿಲ್ಲಬಾರದು ಎಂದು ಬರೆದುಕೊಡುತ್ತೇನೆ. ಯಾರಿಗೂ ಬೇಡವಾದ ಮಾತು ಹೇಳುವುದೇ ನನ್ನ ಉದ್ಯೋಗ.

ಶಿರ್ತಾಡಿಯ ಆಚೆಗಿನ ಕಪ್ಪುಕಲ್ಲಿನ ಕೋರೆಯಲ್ಲಿ ಐದು ಜನ ಡ್ರಿಲ್ ಹಿಡಿದು ನಿಲ್ಲುವ ಜಾಗವೊಂದಿತ್ತು. ಅದರ ನೇರ ಮೇಲೆ, ಕಡಿದ ಬಂಡೆಗೋಡೆಯ ಅಂಚಿನಲ್ಲಿ ಒಂದು ಬಿರುಕು ಇತ್ತು. ಬೆರಳು ತೂರದಷ್ಟು ಸಣ್ಣದು. ಇಂಥದ್ದನ್ನು ಕಾಯಲು ಸೆನ್ಸರ್ ಬರುತ್ತದೆ, ಬಂಡೆ ಕೂದಲೆಳೆಯಷ್ಟು ಸರಿದರೂ ಮೊಬೈಲಿಗೆ ತಿಳಿಸುತ್ತದೆ ಎಂದೆ. ಧಣಿ ನಕ್ಕರು. "ಬಂಡೆ ನಿಮಗೆ ಮೆಸೇಜ್ ಮಾಡ್ತದಾ ಮೇಡಂ?"

ಸರಿ, ಹಳೆಯ ಉಪಾಯಕ್ಕೆ ಇಳಿದೆ. ಮೂಡುಬಿದಿರೆಯಲ್ಲಿ ಫೋಟೋಗಳಿಗೆ ಫ್ರೇಮು ಹಾಕುವ ಅಂಗಡಿಯಿಂದ ತೆಳು ಗಾಜಿನ ಪಟ್ಟಿ ತಂದು, ಬಿರುಕಿನ ಎರಡೂ ಬದಿಗೆ ಸಿಮೆಂಟಿನಿಂದ ಕೂರಿಸಿ, ಮೇಲೆ ಪೇಂಟಿನಲ್ಲಿ ತಾರೀಕು ಬರೆದೆ. ಬಂಡೆ ಸರಿದರೆ ಗಾಜು ಒಡೆಯುತ್ತದೆ. ಇಷ್ಟೇ ವಿದ್ಯೆ.

ತಿಂಗಳಿಗೊಮ್ಮೆ ಹೋಗಿ ನೋಡುತ್ತಿದ್ದೆ. ಮೂರು ಸಲವೂ ಗಾಜು ಇಡಿಯಾಗಿತ್ತು. ಬಂಡೆ ಅಲುಗಾಡಿಲ್ಲ ಎಂದು ಮೂರು ಸಲ ನಾನೇ ಸಹಿ ಹಾಕಿದೆ. ಆ ಸಹಿಗಳ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ನಾಲ್ಕನೆಯ ಸಲ ಎಂದಿಗಿಂತ ಕೆಲವು ದಿನ ಮುಂಚೆ, ಸಂಕ್ರಮಣದ ಮರುದಿನ ಬೆಳಿಗ್ಗೆ ಹೋದೆ. ಗಾಜು ಸರಿಯಿತ್ತು, ತಾರೀಕೂ ಅದೇ. ಆದರೆ ಸಿಮೆಂಟಿನಲ್ಲಿ ಇನ್ನೂ ಪಸೆ ಕಾಣುತ್ತಿತ್ತು. ಉಗುರಿನಿಂದ ಕೆರೆದರೆ ಉದುರಿತು. ನಾಲ್ಕು ತಿಂಗಳ ಹಳೆಯ ಸಿಮೆಂಟು ಉಗುರಿಗೆ ಉದುರುವುದುಂಟೇ? ಕೋರೆಯ ಮೇಸ್ತ್ರಿಯನ್ನು ಕರೆದು, ಇದನ್ನು ಹಚ್ಚಿದ್ದು ಯಾರು ಎಂದು ಕೇಳಿದೆ.

"ನಾನೇ ಅಕ್ಕ," ಎಂದರು, ಅರುವತ್ತು ದಾಟಿದ ಆ ಮನುಷ್ಯ, ಬಹಳ ಸಂತೋಷದಿಂದ. "ತಿಂಗಳು ತಿಂಗಳು ಸಂಕ್ರಮಣಕ್ಕೆ ಕೋರೆ ಗುಡಿಸಿ ದೈವದ ಕಲ್ಲಿಗೆ ದೀಪ ಇಡ್ಲಿಕ್ಕೆ ಉಂಟಲ್ಲ? ಒಡೆದ ಗಾಜು ಇರುವಲ್ಲಿ ದೀಪ ಇಡಬಾರದು. ಹಾಗೆ ಹೊಸತು ಹಾಕಿದೆ. ನಿಮ್ಮ ತಾರೀಕು ಸಹ ಇದ್ದ ಹಾಗೆಯೇ ಬರೆದಿದ್ದೇನೆ, ನೋಡಿ."

"ಇದು ಎಷ್ಟನೆಯದು?"

"ನಾನು ಹಾಕಿದ್ದರಲ್ಲಿ ನಾಲ್ಕನೆಯದು. ಆ ಅಂಗಡಿಯ ಗಾಜು ಒಳ್ಳೆಯದಲ್ಲ ಅಕ್ಕ."

ನಾಲ್ಕು ತಿಂಗಳಿಂದ ಬಂಡೆ ಸರಿಯುತ್ತಲೇ ಇತ್ತು. ಗಾಜು ಯಾಕೆ ಎಂದು ಧಣಿಗೆ ಪುಟಗಟ್ಟಲೆ ಬರೆದುಕೊಟ್ಟಿದ್ದ ನಾನು, ಬಂಡೆಯ ಕೆಳಗೆ ನಿಲ್ಲುವವರಿಗೆ ಒಂದು ಮಾತು ಹೇಳಿರಲಿಲ್ಲ. ಮೇಸ್ತ್ರಿಯದ್ದು ಭಕ್ತಿ, ತಪ್ಪು ನನ್ನದು.

ಅಂಚಿನಿಂದಲೇ ಕೂಗಿ ಐವರನ್ನೂ ಮೇಲೆ ಕರೆಸಿದೆ. ಸುದ್ದಿ ಹೋದ ಅರ್ಧ ಗಂಟೆಯಲ್ಲಿ ಧಣಿಯ ಜೀಪು ಬಂತು. "ಒಂದು ಗಾಜು ಒಡೆದದ್ದಕ್ಕೆ ಕೋರೆ ನಿಲ್ಲಿಸುವುದಾ ಮಾರಾಯ್ತಿ? ಲಾರಿಗಳು ಕಾಯ್ತಾ ಉಂಟು!" ಹಿಂದೆ ನಿಂತಿದ್ದ ಧಣಿಯ ಭಾವ, ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ ಅಂತ ಸುಮ್ಮನೆ ಹೇಳಿದ್ದಲ್ಲ ಎಂದು ನನಗೆ ಕೇಳುವ ಹಾಗೆಯೇ ಗೊಣಗಿದ.

"ಹಾಗಾದರೆ ಮೊಣಕಾಲು ಮಡಚಿಯೇ ಕೂತುಕೊಳ್ತೇನೆ," ಎಂದು ಕೋರೆಗೆ ಇಳಿಯುವ ದಾರಿಗೆ ಅಡ್ಡವಾಗಿ ಕೂತುಬಿಟ್ಟೆ. "ಇಳಿಯುವವರು ನನ್ನನ್ನು ದಾಟಿ ಇಳಿಯಲಿ."

ಯಾರೂ ದಾಟಲಿಲ್ಲ. ಸ್ವಲ್ಪ ಹೊತ್ತಿಗೆ ಮೇಸ್ತ್ರಿ ಮುಂಡಾಸು ಬಿಚ್ಚಿ ಕೊಡವಿ ನನ್ನ ಪಕ್ಕ ಕೂತರು. ಅವರ ಹಿಂದೆ ಐವರೂ ಕೂತರು. ಧಣಿ ಬೈದರು, ನಾಳೆಯಿಂದ ಬರಬೇಡಿ ಎಂದರು. ಬಿಸಿಲೇರಿದ ಮೇಲೆ, ನನ್ನನ್ನು ಸುಳ್ಳು ಮಾಡಲೆಂದೇ, ಮೇಲಿನಿಂದ ಜೆಸಿಬಿ ತಂದು ಆ ಅಂಚನ್ನು ಕೆರೆಸಲು ಒಪ್ಪಿದರು. ಜೆಸಿಬಿ ದೂರದಲ್ಲಿ ನಿಂತು ಬಿರುಕಿನ ಆಚೆಗೆ ಎರಡು ಸಲ ಕೆರೆದದ್ದಷ್ಟೆ. ಗೋಡೆಯ ಇಡೀ ಮುಖ ಕಳಚಿ ಬಿತ್ತು. ಧೂಳು ಇಳಿದಾಗ ಐವರು ಕೆಳಗೆ ಬಿಟ್ಟು ಬಂದಿದ್ದ, ಡ್ರಿಲ್ಲಿಗೆ ಗಾಳಿ ಕೊಡುವ ಕಂಪ್ರೆಸರ್ ಕಾಣಿಸಲಿಲ್ಲ.

ಭಾವ ಜೀಪಿನೊಳಗೆ ಹೋಗಿ ಕೂತ. ಆ ಕೋರೆಗೆ ಈಗ ಸೆನ್ಸರ್ ಬಂದಿದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ನಾನು ಈಗಲೂ ಗಾಜು ಹಚ್ಚುತ್ತೇನೆ, ಆದರೆ ಮೊದಲು ಡ್ರಿಲ್ ಹಿಡಿಯುವವರನ್ನು ಕೂರಿಸಿ ಗಾಜು ಯಾಕೆ ಎಂದು ಹೇಳಿದ ಮೇಲೆ.

ಒಡೆದ ನಾಲ್ಕು ಗಾಜುಗಳನ್ನು ಮೇಸ್ತ್ರಿ ಬಿಸಾಡಿರಲಿಲ್ಲ, ಯಾರ ಕಾಲಿಗಾದರೂ ಚುಚ್ಚೀತು ಎಂದು ಪೇಪರಿನಲ್ಲಿ ಕಟ್ಟಿಟ್ಟಿದ್ದರು. ಆ ಕಟ್ಟು ಈಗ ನನ್ನ ಸ್ಕೂಟರಿನ ಡಿಕ್ಕಿಯಲ್ಲಿದೆ. ಯಾವ ಧಣಿಯಾದರೂ ನಿಮ್ಮದು ಬರೀ ಹಟ ಎಂದರೆ, ಕಟ್ಟು ಬಿಚ್ಚಿ ಅವರ ಮೇಜಿನ ಮೇಲೆ ಇಡುತ್ತೇನೆ. ಹೌದು, ಹಟವೇ. ಆ ದಿನ ಐದು ಜನ ಸಂಜೆಯ ಬಸ್ಸಿಗೆ ಮನೆಗೆ ಹೋದರು.