ಒಂಬತ್ತೂವರೆಯ ಮೇಲ್

ಡೊಂಬಿವಲಿಯಿಂದ ಐರೋಲಿಯ ಆಫೀಸಿಗೆ ಹೋಗಲು ನಾನು ಠಾಣೆಯಲ್ಲಿ ಇಳಿದು ಇನ್ನೊಂದು ಲೋಕಲ್ ರೈಲು ಹಿಡಿಯಬೇಕಿತ್ತು. ಮುಂಬ್ರಾ ಹತ್ತಿರ ಗಾಡಿ ನಿಂತುಬಿಟ್ಟರೆ ಆಫೀಸಿನಲ್ಲಿ ಟೆಸ್ಟಿಂಗ್‌ನವರೆಲ್ಲ ನನಗಾಗಿ ಕಾಯುತ್ತ ಕೂರುತ್ತಿದ್ದರು. ಹಿಂದಿನ ದಿನ ಎಲ್ಲರೂ ಬರೆದ ಕೋಡನ್ನು ಒಟ್ಟುಗೂಡಿಸಿ, ಟೆಸ್ಟ್ ಸರ್ವರಿಗೆ ಹಾಕಿ, ‘ಗುಡ್ ಮಾರ್ನಿಂಗ್, ಇವತ್ತಿನ ಬಿಲ್ಡ್ ರೆಡಿ’ ಎಂದು ಮೇಲ್ ಕಳಿಸುವುದು ನನ್ನ ಬೆಳಗಿನ ಕೆಲಸ. ದಿನವೂ ಅವೇ ಕಮಾಂಡುಗಳನ್ನು ಟೈಪ್ ಮಾಡಿ ಬೇಸತ್ತು, ಎಲ್ಲವನ್ನೂ ಒಂದೇ ಕಮಾಂಡಿನಲ್ಲಿ ಮುಗಿಸುವ ಸಣ್ಣ ಟೂಲ್ ಬರೆದೆ. ಆಮೇಲೆ ಅದನ್ನೂ ಟೈಪ್ ಮಾಡುವುದು ಬೇಡವೆಂದು ಬೆಳಿಗ್ಗೆ ಒಂಬತ್ತೂವರೆಗೆ ತಾನಾಗಿ ಓಡುವಂತೆ ಮಾಡಿದೆ. ಮೇಲ್ ನನ್ನ ಹೆಸರಿನಲ್ಲೇ ಹೋಗುತ್ತಿತ್ತು. ಗಾಡಿ ತಡವಾದರೂ ಯಾರೂ ಕಾಯಬೇಕಾಗಲಿಲ್ಲ. ಹಾಗಾಗಿ ಯಾರೂ ಏನನ್ನೂ ಕೇಳಲಿಲ್ಲ.

ಒಂದು ಸೋಮವಾರ ಠಾಣೆಯಲ್ಲಿ ಲೇಡೀಸ್ ಬೋಗಿಯ ಬಾಗಿಲಲ್ಲಿ ಹತ್ತುವವರೂ ಇಳಿಯುವವರೂ ಒಟ್ಟಿಗೇ ನುಗ್ಗಿದರು. ನನ್ನ ಕಾಲು ನೆಲಕ್ಕೆ ತಾಗಲೇ ಇಲ್ಲ. ಪ್ಲಾಟ್‌ಫಾರ್ಮಿನ ಕಂಬ ಮುಖದ ಹತ್ತಿರ ಬಂದದ್ದಷ್ಟೇ ನೆನಪು.

ಕಣ್ಣು ಬಿಟ್ಟಾಗ ಆಸ್ಪತ್ರೆಯಲ್ಲಿದ್ದೆ. ಮಧ್ಯಾಹ್ನವಾಗಿತ್ತು. ತಲೆಗೆ ಹೊಲಿಗೆ, ಬಲಗೈಗೆ ಪ್ಲಾಸ್ಟರ್. ಬ್ಯಾಗು, ಮೊಬೈಲು, ಆಫೀಸಿನ ಕಾರ್ಡು ಎಲ್ಲ ಗದ್ದಲದಲ್ಲಿ ಹೋಗಿದ್ದವು. ಮನೆಯ ನಂಬರ್ ಹೇಳಿದೆ. ನರ್ಸ್ ಹೊರಗೆ ಹೋಗಿ ಫೋನ್ ಮಾಡಿ ಬಂದಳು.

“ನಂಬರ್ ಸರಿಯಾಗಿ ನೆನಪು ಮಾಡ್ಕೊ,” ಎಂದಳು ಮರಾಠಿಯಲ್ಲಿ. “ಆ ಹೆಂಗಸು, ತನ್ನ ಮಗಳು ಆಫೀಸಿನಲ್ಲಿದ್ದಾಳೆ ಅಂತಿದ್ದಾಳೆ.”

ಅಮ್ಮನಿಗೆ ಇರುವವಳು ನಾನೊಬ್ಬಳೇ. ಹಾಗಾದರೆ ಆಫೀಸಿನಲ್ಲಿ ಕೂತಿರುವವಳು ಯಾರು? ತಲೆಗೆ ಪೆಟ್ಟು ಬಿದ್ದು ನನ್ನ ನೆನಪೇ ತಪ್ಪಿದೆಯೋ ಎಂದು ಹೆದರಿದೆ. ನರ್ಸ್ ಹತ್ತಿರ ಬೇಡಿಕೊಂಡು ಅವಳ ಮೊಬೈಲಿನಲ್ಲಿ ನಾನೇ ಮಾತಾಡಿದೆ.

“ಅಮ್ಮಾ, ಯಾನ್,” ಎಂದೆ ತುಳುವಿನಲ್ಲಿ. ಅಮ್ಮಾ, ನಾನು.

ಅಮ್ಮ ಕೇಳಿದ್ದು ಒಂದೇ ಮಾತು, ಯಾವ ಆಸ್ಪತ್ರೆ ಎಂದು.

ಆಫೀಸು ಮುಟ್ಟಿದೆ ಎಂಬ ನನ್ನ ದಿನದ ಮೆಸೇಜ್ ಬಾರದ್ದಕ್ಕೆ ಅವಳು ಬೆಳಿಗ್ಗೆಯೇ ಆಫೀಸಿಗೆ ಫೋನ್ ಮಾಡಿದ್ದಳಂತೆ. ಎತ್ತಿದವನು ನನ್ನ ಪಕ್ಕದ ಸೀಟಿನ ಸಹೋದ್ಯೋಗಿ, ಧಾರವಾಡದ ಕಡೆಯವನು, ಈಗ ಕಲ್ಯಾಣದಲ್ಲಿ ಮನೆ. ಆ ಶನಿವಾರ ಹಣ್ಣು ಹಿಡಿದುಕೊಂಡು ನನ್ನನ್ನು ನೋಡಲು ಮನೆಗೆ ಬಂದ.

“ಮೇಲ್ ಬಂದಿತ್ತು, ನಿಮ್ಮ ಕಂಪ್ಯೂಟರೂ ಚಾಲೂ ಇತ್ತು. ಬಂದಾರ‍್ರಿ, ಚಾ ಕುಡಿಯಾಕ ಹೋಗಿರಬೇಕು ಅಂತ ಹೇಳಿಬಿಟ್ಟೆ,” ಎಂದ. ನನ್ನ ಪ್ಲಾಸ್ಟರನ್ನು ನೋಡಿ, “ಆದ್ರ ನೀವು ಭಾಳ ಗಟ್ಟಿ ಬಿಡ್ರಿ. ಇಂಥಾದ್ರಾಗೂ ಮನ್ಯಾಗ ಕುಂತು ದಿನಾ ಬಿಲ್ಡ್ ಕಳಸ್ತೀರಿ,” ಎಂದ.

ನಾನು ಅವನನ್ನೇ ನೋಡಿದೆ. “ದಿನಾ ಬರ್ತಿದೆಯಾ?”

“ನಿನ್ನೇನೂ ಬಂದಿತ್ತಲ್ರೀ.”

ಅದು ಟೂಲ್, ನಾನಲ್ಲ, ದೀಪಾವಳಿಯಿಂದಲೂ ನಾನಲ್ಲ ಎಂದೆ. ಅವನು ಅಮ್ಮ ಕೊಟ್ಟಿದ್ದ ಚಹಾದ ಕಪ್ ಕೆಳಗಿಟ್ಟ.

“ನಾ ದಿನಾ ತಿರುಗಿ ಗುಡ್ ಮಾರ್ನಿಂಗ್ ಬರೀತಿದ್ದೆ,” ಎಂದ ಮೆಲ್ಲಗೆ.

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಅವನನ್ನು ಕೇಳಿದಳು: “ಹಾಗಾದ್ರೆ ಇವಳು ಸತ್ತುಹೋಗಿದ್ರೂ ಅದು ಬರ್ತಿತ್ತಾ?”

ಅವನು ನನ್ನ ಮುಖ ನೋಡಿದ. ಬರುತ್ತಿತ್ತು. ನಾನು ಅದನ್ನು ಹಾಗೆಯೇ ಬರೆದಿದ್ದೆ.

ಸೋಮವಾರ ಅವನಿಗೆ ಫೋನಿನಲ್ಲೇ ಒಂದೊಂದು ಅಕ್ಷರ ಹೇಳಿ, ಮೇಲ್‌ನಲ್ಲಿ ಕಳಿಸಿದವರ ಜಾಗದಿಂದ ನನ್ನ ಹೆಸರನ್ನು ತೆಗೆಸಿದೆ. ಇದು ತಾನಾಗಿ ಬಂದ ಮೇಲ್ ಎಂದು ಮೊದಲ ಸಾಲಿನಲ್ಲೇ ಹಾಕಿಸಿದೆ. ಅಮ್ಮನಿಗೆ ಅದನ್ನು ವಿವರಿಸಲು ಹೋದರೆ ಅವಳು ಕೇಳಿಸಿಕೊಳ್ಳಲೇ ಇಲ್ಲ.

“ಮೆಸೇಜೂ ಬೇಡ ನಂಗೆ,” ಎಂದಳು. “ಮುಟ್ಟಿದ ಮೇಲೆ ಮಾತಾಡು.”