ಆಚಾರ್ರ ಮೊದಲ ಈಡು

ನನ್ನ ಮದುವೆಯಲ್ಲಿ ಓಲಗದವರು ತಿಂಡಿಗೆಂದು ಎದ್ದಾಗ ನಂಜಾಚಾರ್ರು ಮೆಲ್ಲಗೆ ಹೋಗಿ ನಾಗಸ್ವರವನ್ನು ಎತ್ತಿಕೊಂಡರು. ಒಂದು ಕಣ್ಣು ಮುಚ್ಚಿ, ಅದನ್ನು ಬೆಳಕಿಗೆ ಹಿಡಿದು ಒಳಗೆ ಇಣುಕಿದರು. "ಕಸ ಕೂತದ ಕಣ್ರಪ್ಪ, ಅದ್ಕೇ ರಾಗ ಕೆಮ್ತಾ ಅದ" ಎಂದು ತೀರ್ಪು ಕೊಟ್ಟರು. ಓಲಗದವರು ಮುನಿಸಿಕೊಂಡರು, ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊಳವೆಯಂಥದ್ದು ಏನು ಕೈಗೆ ಸಿಕ್ಕರೂ ಅದರೊಳಗೆ ಇಣುಕದೆ ಬಿಡುವ ಆಸಾಮಿಯೇ ಅಲ್ಲ ಅವರು. ಸೈಕಲ್ ಪಂಪು, ಬೋರ್‌ವೆಲ್ ಪೈಪು, ಮಕ್ಕಳು ಊದುವ ಪರಂಗಿ ಎಲೆಯ ದಂಟು, ಎಲ್ಲಕ್ಕೂ ಅದೇ ಪರೀಕ್ಷೆ.

ಗುಂಡ್ಲುಪೇಟೆಯಲ್ಲಿ ನನ್ನ ತವರುಮನೆಯ ಬೀದಿಯಲ್ಲೇ ಅವರ ಅಂಗಡಿ ಇತ್ತು. ಲೈಸೆನ್ಸ್ ಪಡೆದು ಕೋವಿ ರಿಪೇರಿ ಮಾಡುತ್ತಿದ್ದರು. ಈರುಳ್ಳಿ ಲಾರಿಗಳು ಎಬ್ಬಿಸುವ ಧೂಳಿಗೆ ಬೈಯುತ್ತಾ, ನಶ್ಯ ಏರಿಸುತ್ತಾ, ದಿನವಿಡೀ ಜಂಬ ಕೊಚ್ಚುತ್ತಿದ್ದರು. "ಬಂಡೀಪುರದ ಆನೆಗೊಳು ಸದ್ದು ಕೇಳಿದ್ರೆ ಸಾಕು, ಇದು ನಂಜಾಚಾರಿ ಕೈಯಾಡಿಸಿದ ಕೋವಿ ಅಂತ ಕಿವಿ ನಿಗುರಿಸ್ತವ" ಎನ್ನುವರು. ಅವರ ಹೆಂಡತಿ ಒಳಗಿನಿಂದಲೇ "ಆನೆ ಬಂದು ನಿಮ್ ತಾವ ಹೇಳ್ತಾ?" ಎಂದು ಕೂಗುವರು. "ಹೆದರಿಕೆ ಅನ್ನೋದ ನಮ್ಮವ್ವ ನಂಗೆ ಕಲಿಸ್ಲೇ ಇಲ್ಲ ಕಣಮ್ಮಿ" ಎಂದು ಆಚಾರ್ರು ನನ್ನ ಕಡೆಗೆ ತಿರುಗುವರು. ನನಗಂತೂ ಈ ಮಾತು ಬಾಯಿಪಾಠವಾಗಿತ್ತು.

ಅವರದೊಂದು ಕಟ್ಟುಪಾಡಿತ್ತು. ಯಾರ ಕೋವಿಯೇ ಇರಲಿ, ರಿಪೇರಿಯಾದ ಮೇಲೆ ಮೊದಲ ಈಡು ಅವರೇ ಹೊಡೆಯಬೇಕು. ಊರಾಚೆಯ ಕಲ್ಲುಕ್ವಾರಿಗೆ ಹೋಗಿ, ಕೋವಿಯ ಹಿಡಿಗೆ ತಮ್ಮ ಬಲಗೆನ್ನೆ ಒತ್ತಿ, ಒಂದು ಈಡು ಹೊಡೆದ ನಂತರವೇ ಅದನ್ನು ಯಜಮಾನನ ಕೈಗೆ ಕೊಡುತ್ತಿದ್ದರು. ಯಾರಾದರೂ ಗ್ಯಾರಂಟಿ ಕೇಳಿದರೆ ಆ ಕೆನ್ನೆಗೆ ತಾವೇ ಪಟಾರನೆ ಹೊಡೆದುಕೊಂಡು, "ತಕೋ, ಇದೇ ಗ್ಯಾರಂಟಿ ಕಾರ್ಡು. ಸುಟ್ಟಿದ್ದದಾ? ಹರಿದಿದ್ದದಾ?" ಎನ್ನುವರು.

ನನ್ನನ್ನು ಕೊಟ್ಟಿದ್ದು ಉಡಿಗಾಲಕ್ಕೆ. ಅಲ್ಲಿ ಮಾವನವರು ಬಿಟ್ಟುಹೋದ ಒಂದು ಹಳೆಯ ರೈಫಲ್ ಇತ್ತು. ಒಂದು ಸಲಕ್ಕೆ ಒಂದೇ ತೋಟಾ ಹಾಕಿ ಹೊಡೆಯುವಂಥದ್ದು. ಕಡಲೆಕಾಯಿ ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲು ಅದೊಂದೇ ಆಧಾರ. ತೊಂಬತ್ತರ ದಶಕದ ಹೊತ್ತಿಗೆ ಅದಕ್ಕೆ ಹೊಂದುವ ಸಣ್ಣ ತೋಟಾ ಮೈಸೂರಿನ ಅಂಗಡಿಗಳಲ್ಲೂ ಸಿಗದಂತಾಯಿತು. ದೊಡ್ಡ ತೋಟಾ ಧಾರಾಳವಾಗಿ ಸಿಗುತ್ತಿತ್ತು. ನಮ್ಮ ಯಜಮಾನರ ತಲೆಗೆ ಹುಳ ಹೊಕ್ಕಿತು. ತೋಟಾ ಕೂರುವ ಗೂಡನ್ನು ಸ್ವಲ್ಪ ಕೊರೆದು ದೊಡ್ಡದು ಮಾಡಿಸಿಬಿಟ್ಟರೆ? ಸದ್ದೂ ದೊಡ್ಡದಾಗುತ್ತದೆ, ಹಂದಿಗಳು ಊರೇ ಬಿಡುತ್ತವೆ ಎಂಬ ಲೆಕ್ಕ.

ರೈಫಲ್ ತೆಗೆದುಕೊಂಡು ಇಬ್ಬರೂ ಆಚಾರ್ರ ಅಂಗಡಿಗೆ ಹೋದೆವು. ಅವರು ಎಂದಿನಂತೆ ನಳಿಗೆಯೊಳಗೆ ಇಣುಕಿದರು. ಆಮೇಲೆ ಅದರ ಹಿಂಬದಿಯ ಬಾಗಿಲನ್ನು ತೆರೆದು ಮುಚ್ಚಿ, ಮತ್ತೆ ತೆರೆದು ಮುಚ್ಚಿ ನೋಡಿದರು. ನಾನು ಅವರ ಬೀದಿಯ ಮಗಳಾದ್ದರಿಂದ ನಮ್ಮವರನ್ನು ಅಳಿಮಯ್ಯ ಎಂದೇ ಕರೆಯುತ್ತಿದ್ದರು.

"ಬ್ಯಾಡ ಅಳಿಮಯ್ಯ. ಕೊರೆಯದೇನು, ಕೊರೆದ್ಬುಡಬೌದು. ಕೊರೆದ್ರೆ ಗೂಡಿನ ಗ್ವಾಡೆ ತೆಳ್ಳಗಾಯ್ತದ. ಹಿಂದ್ಲ ಬಾಗ್ಲು ಅದೇ ನಿಮ್ಮಪ್ಪನ ಕಾಲದ್ದು, ಸಣ್ಣ ಮದ್ದಿಗೆ ಅಂತ ಮಾಡಿದ್ದು. ದೊಡ್ಡ ತೋಟಾ ಮುಂದುಕ್ಕೂ ಒದೀತದ, ಹಿಂದುಕ್ಕೂ ಒದೀತದ. ಹಿಂದ್ಗಡೆ ಯಾರವ್ರೆ? ನೀನೇಯ."

"ನೀವು ಮಾಡದಿದ್ರೆ ಮಾಡೋರು ಬೇರೆ ಇಲ್ವಾ ಆಚಾರ್ರೇ?"

"ಅವ್ರೆ. ಅವ್ರು ಮೊದ್ಲ ಈಡು ಹೊಡೆದು ಕೊಟ್ಟಾರಾ, ಅದ ಕೇಳು. ಲೈಸೆನ್ಸ್‌ನಲ್ಲಿ ಬರೆದಿರದೂ ಬೇರೆ, ಪೊಲೀಸ್ನೋರು ಸುಮ್ನಿದ್ದಾರಾ?"

ನಮ್ಮವರು ಹುಟ್ಟಾ ಹಠಮಾರಿ. ಬೇಡ ಅಂದದ್ದನ್ನೇ ಮಾಡುವುದು ಅವರ ಮನೆತನದ ಚಾಳಿ. ಮುಂದಿನ ವಾರವೇ ಗಡಿಯಾಚೆಯ ಯಾರೋ ಲೇತ್ ಕೆಲಸದವನ ಹತ್ತಿರ ಗೂಡು ಕೊರೆಸಿಕೊಂಡು, ಎರಡು ದೊಡ್ಡ ತೋಟಾ ಸಂಪಾದಿಸಿ, ಗೆದ್ದವರ ಹಾಗೆ ಮನೆಗೆ ಬಂದರು. "ನಾಳೆ ಸಂಜೆ ಹೊಲದಲ್ಲಿ ಹೊಡೆದು ನೋಡ್ತೀನಿ" ಎಂದರು. ನಾನು ಅತ್ತು ಗೋಗರೆದೆ, ಕೊನೆಗೆ ಜಗಳವನ್ನೂ ಆಡಿದೆ. ಯಾವುದೂ ನಡೆಯಲಿಲ್ಲ. ಬೆಳಗಾಗುತ್ತಲೇ ಅಮ್ಮನಿಗೆ ಹುಷಾರಿಲ್ಲ ಎಂದು ಹೇಳಿ ಗುಂಡ್ಲುಪೇಟೆಯ ಬಸ್ ಹತ್ತಿದೆ. ಬಸ್ಸಿನ ತುಂಬ ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ನಮ್ಮವರ ಮುಖ ಒಂದೇ.

ನಾನು ಹೇಳಿ ಮುಗಿಸುವುದರೊಳಗೆ ಆಚಾರ್ರು ಎದ್ದಿದ್ದರು. ಅಂಗಡಿ ಬಾಗಿಲು ಹಾಕಿ, ಒಂದು ಹುರಿಯ ಉಂಡೆಯನ್ನು ಚೀಲಕ್ಕೆ ತುರುಕಿ, "ನಡಿಯಮ್ಮಿ, ಹೋಗನ" ಎಂದರು.

ಉಡಿಗಾಲದ ನಮ್ಮ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದರು. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. "ಅಳಿಮಯ್ಯ, ನಿಮ್ಮಪ್ಪನ ಕಾಲದಿಂದ ಈ ಕೋವಿಗೆ ಕೈ ಹಾಕೀವ್ನಿ. ಯಾರೇ ರಿಪೇರಿ ಮಾಡ್ಲಿ, ಮೊದ್ಲ ಈಡು ನಂದು. ಇದ ತಪ್ಪಿಸ್ಬುಟ್ರೆ ನಂಗೆ ಅವಮಾನ" ಎಂದರು. ಕಟ್ಟುಪಾಡಿನ ಮಾತು ಬಂದಾಗ ನಮ್ಮವರಿಗೂ ಇಲ್ಲ ಎನ್ನಲಾಗಲಿಲ್ಲ.

ಹೊಲಕ್ಕೆ ಹೋದೆವು. ಆಚಾರ್ರು ರೈಫಲನ್ನು ಕೆನ್ನೆಗೆ ಒತ್ತಲಿಲ್ಲ. ಬದುವಿನ ಮೇಲೆ ಬಿದ್ದಿದ್ದ ಎರಡು ಹಳೆಯ ಲಾರಿ ಟೈರುಗಳಿಗೆ ಅದನ್ನು ಬಿಗಿದು ಕಟ್ಟಿ, ಟ್ರಿಗರ್‌ಗೆ ಹುರಿ ಸುತ್ತಿ, ನಮ್ಮಿಬ್ಬರನ್ನೂ ಪಂಪ್‌ಸೆಟ್ ಮನೆಯ ಗೋಡೆಯ ಹಿಂದೆ ಕರೆದುಕೊಂಡು ಬಂದರು.

"ಯಾಕಾಚಾರ್ರೇ, ಹೆದರಿಕೆಯಾ?" ಎಂದು ನಮ್ಮವರು ಕೆಣಕಿದರು.

ಆಚಾರ್ರು ಹುರಿಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಸಣ್ಣ ದನಿಯಲ್ಲಿ ಹೇಳಿದರು: "ಊಂ ಕಣಪ್ಪ. ಹೆದರಿಕೆ."

ಅಷ್ಟು ವರ್ಷಗಳಲ್ಲಿ ಆ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿರಲಿಲ್ಲ. ನಮ್ಮವರ ನಗು ಅಲ್ಲಿಗೇ ನಿಂತಿತು.

ಹುರಿ ಎಳೆದರು. ಸದ್ದಿಗೆ ಪಂಪ್‌ಸೆಟ್ ಮನೆಯ ಹೆಂಚುಗಳು ಅದುರಿದವು. ಹೊಗೆ ಸರಿದ ಮೇಲೆ ಹೋಗಿ ನೋಡಿದರೆ ನಳಿಗೆಯ ಬುಡ ಬಾಳೆಸಿಪ್ಪೆಯ ಹಾಗೆ ಸೀಳಿತ್ತು. ಹಿಂಬದಿಯ ಬಾಗಿಲು ಕಿತ್ತುಹೋಗಿ ದೂರದ ಬೇವಿನ ಬೊಡ್ಡೆಗೆ ನೆಟ್ಟಿತ್ತು. ಕೆನ್ನೆ ಇಡುವ ಜಾಗದಲ್ಲಿ ಹಿಡಿಯ ಮರ ಚೂರುಚೂರು. ಆಚಾರ್ರು ಆ ಚೂರುಗಳ ಮೇಲೆ ಬೆರಳಿಟ್ಟು, "ಇಲ್ಲಿ ನಿನ್ನ ಕೆನ್ನೆ. ಇಲ್ಲಿ ಕಣ್ಣು" ಎಂದರು. ನಮ್ಮವರು ಉಳಿದಿದ್ದ ಇನ್ನೊಂದು ತೋಟಾವನ್ನು ಜೇಬಿನಿಂದ ತೆಗೆದು ಆಚಾರ್ರ ಕೈಗಿಟ್ಟರು. ನಾನು ಹೋಗಿ ಆಚಾರ್ರ ಕಾಲು ಹಿಡಿದುಕೊಂಡೆ. "ಏಳಮ್ಮಿ, ಅನ್ನ ಬೇಯ್ಸೋಗು, ಹಸೀತದ" ಎಂದು ಗದರಿದರು.

ಉಳಿದ ಚೂರುಗಳನ್ನು ನಮ್ಮವರೇ ಠಾಣೆಗೆ ಒಪ್ಪಿಸಿ, ಬೈಸಿಕೊಂಡು ಬಂದರು. ಆಮೇಲೆ ಹಂದಿಗಳಿಗೆ ಪಟಾಕಿ ಮತ್ತು ತಗಡಿನ ಡಬ್ಬವೇ ಗತಿಯಾಯಿತು. ಹಂದಿಗಳು ಒಂದಷ್ಟು ತಿಂದವು. ತಿನ್ನಲಿ.

ಆ ದಶಕ ಮುಗಿಯುವ ಹೊತ್ತಿಗೆ ಆಚಾರ್ರಿಗೆ ಕಣ್ಣು ಪೂರ್ತಿ ಮಂಜಾಯಿತು. ಅಂಗಡಿ ಮುಚ್ಚಿದ ಮೇಲೆ ಒಮ್ಮೆ ನೋಡಲು ಹೋದೆವು. ಹಾಸಿಗೆಯ ಮೇಲೆ ಕೂತಿದ್ದವರು ಕೈ ಚಾಚಿ ನಮ್ಮವರ ಬಲಗೆನ್ನೆಯನ್ನು ಹುಡುಕಿ ಸವರಿದರು. "ಗಡ್ಡ ಸರಿಯಾಗಿ ಕೆರ್ಕೊಂಡಿಲ್ಲ ಅಳಿಮಯ್ಯ" ಎಂದರು. ಅದೇ ಕೊನೆಯ ಭೇಟಿ. ಮುಂದಿನ ಆಯುಧಪೂಜೆಗೆ ಅವರಿರಲಿಲ್ಲ.

ಈಗಲೂ ಬೆಳಿಗ್ಗೆ ನಮ್ಮವರು ಕನ್ನಡಿಯ ಮುಂದೆ ಕೂತು ಬಲಗೆನ್ನೆಗೆ ಸೋಪು ಹಚ್ಚುವಾಗ ನಾನು ಒಲೆ ಬಿಟ್ಟು ಬಂದು ನಿಲ್ಲುವುದುಂಟು.

"ಏನಮ್ಮಿ ಅಂಗ್ ನೋಡ್ತಿದ್ದಯ್?" ಎನ್ನುತ್ತಾರೆ.

"ಆಚಾರ್ರ ಗ್ಯಾರಂಟಿ ಕಾರ್ಡು" ಎನ್ನುತ್ತೇನೆ.