ಸಿದ್ದಲಿಂಗವ್ವ ತೋರಿಸಿದ ಹೊಲ

ಉಗರಗೋಳದ ಸಿದ್ದಲಿಂಗವ್ವ ಮಹಿಳಾ ಸಂಘಕ್ಕೆ ಕಾಲಿಟ್ಟದ್ದು ಒಂದೇ ಕಾಲಿನಿಂದ. ಇನ್ನೊಂದು ಸೆಗಣಿ ಬುಟ್ಟಿಯೊಳಗಿತ್ತು.

೧೯೯೭ರ ಮುಂಗಾರು. ಸವದತ್ತಿಯಿಂದ ಅನ್ನಪೂರ್ಣಾ ಎಂಬ ಕಾರ್ಯಕರ್ತೆ ಬಂದು ಶಾಲೆಯ ಕೋಣೆಯಲ್ಲಿ ಹೆಂಗಸರನ್ನು ಸೇರಿಸಿದ್ದಳು. ಇವರು ಯಾರನ್ನೋ ಬುಟ್ಟಿಗೆ ಹಾಕಿಕೊಳ್ಳಲು ಬಂದವರೇ ಸೈ ಎಂದು ಸಿದ್ದಲಿಂಗವ್ವನಿಗೆ ಗುಮಾನಿ. ಕಿಟಕಿಯ ಹೊರಗೆ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಹತ್ತಿ ಕಿವಿಗೊಟ್ಟಳು. ತಳ ಕಿತ್ತುಹೋಯಿತು. ಕಾಲು ಮೊಣಕಾಲಿನವರೆಗೆ ಇಳಿದು ಅಲ್ಲೇ ಕಚ್ಚಿಕೊಂಡಿತು. ಹೀಗೆ ಎಲ್ಲರಿಗಿಂತ ಮೊದಲು ಬುಟ್ಟಿಗೆ ಬಿದ್ದವಳು ಅವಳೇ.

"ಬರ್ರಿ ಅವ್ವಾರ, ಒಳಗ ಬರ್ರಿ," ಎಂದಳು ಅನ್ನಪೂರ್ಣಾ, ನಗು ನುಂಗಿಕೊಂಡು. "ನೀವ ಹತ್ತನೇದವರು. ಒಂದು ತಂಡ ಪೂರಾ ಆತು."

"ತಂಡಾ ಪೂರಾ ಮಾಡಾಕ ಬುಟ್ಟಿ ಸೈತ ಉಟ್ಕೊಂಡ ಬಂದಾಳ," ಎಂದಳು ಬಾಯವ್ವ. ಬಾಯವ್ವನಿಗೆ ಹೆಸರಿನಲ್ಲಿದ್ದುದೇ ಹೆಚ್ಚಾಗಿ ಬಳಕೆಯಲ್ಲಿಯೂ ಇತ್ತು.

ಸಂಘದ ಕೆಲಸ ಹಳೆಯ ಮುಯ್ಯಾಳು ಪದ್ಧತಿಯೇ. ಇವತ್ತು ಉಳಿದ ಒಂಬತ್ತೂ ಜನ ನಿನ್ನ ಹೊಲದ ಕಳೆ ಕಿತ್ತರೆ, ನಾಳೆ ನನ್ನದು. ಹೊಲದ ಒಡತಿ ಮಾತ್ರ ಆ ದಿನ ಕುರಪಿ ಹಿಡಿಯದೆ ಎಲ್ಲರಿಗೂ ರೊಟ್ಟಿ ಮಾಡಿ ತರಬೇಕು. ಯಾರ ಪಾಳಿ ಯಾವಾಗ ಎಂದು ಚೀಟಿ ಎತ್ತಿದರು. ಸಿದ್ದಲಿಂಗವ್ವನಿಗೆ ಕೊನೆಯ ಚೀಟಿ ಬಂತು. ಚೀಟಿಗಳನ್ನೆಲ್ಲ ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಓದಲು ಬರುತ್ತಿರಲಿಲ್ಲ, ಸಂಶಯಕ್ಕೆ ಅಕ್ಷರ ಬೇಕಿಲ್ಲ.

ಆದರೆ ಅವಳಿಗೆ ಬೇರೆ ದಾರಿ ಇರಲಿಲ್ಲ. ಗಂಡ ಹಣಮಂತಪ್ಪ ಚಕ್ಕಡಿಯಿಂದ ಬಿದ್ದು ಕೈ ಮುರಿದುಕೊಂಡಿದ್ದ. ಆ ವರ್ಷವಷ್ಟೇ ಯರಗಟ್ಟಿಯ ಸಾವಕಾರರಿಂದ ಒಂದು ಪಟ್ಟಿ ಹೊಲ ಲಾವಣಿಗೆ, ಅಂದರೆ ಗೇಣಿಗೆ, ಹಿಡಿದು ಶೇಂಗಾ ಬಿತ್ತಿದ್ದರು. ಬೆಳೆ ಮೊಣಕಾಲೆತ್ತರ, ಕಳೆ ಅದಕ್ಕಿಂತ ಒಂದು ಗೇಣು ಮೇಲೆ. ಇನ್ನೊಂದು ಮಳೆ ಬಿದ್ದರೆ ಎರಿಭೂಮಿಯ ಕಪ್ಪು ಕೆಸರಿನಲ್ಲಿ ಎಂಟು ದಿನ ಕಾಲಿಡುವ ಹಾಗಿಲ್ಲ. ಅಷ್ಟರೊಳಗೆ ಶೇಂಗಾ ಕಳೆಯ ಪಾಲು.

ಒಂಬತ್ತು ದಿನ ಒಂಬತ್ತು ಹೊಲ ದುಡಿದಳು. ಕೈ ಕಳೆಯ ಮೇಲೆ, ಕಣ್ಣು ಉಳಿದವರ ಕೈಯ ಮೇಲೆ. ತಂಡದ ಕಾಡವ್ವ ನೀರು ಕುಡಿಯಲು ಎದ್ದರೆ ಇವಳೂ ಎದ್ದು, ಅವಳು ಕುಡಿದು ಮುಗಿಸುವವರೆಗೆ ಕುಡಿಯುತ್ತಿದ್ದಳು. ಒಂಬತ್ತನೆಯ ಸಂಜೆ ಹಿಂತಿರುಗುವ ದಾರಿಯಲ್ಲಿ ಬಾಯವ್ವ ಕೇಳಿದಳು:

"ನಾಳೆ ನಿಂದು. ಸಾವಕಾರರ ಪಟ್ಟಿ ಎರಡದಾವಲ್ಲ, ನಿಂದು ಯಾವುದು?"

ಸಿದ್ದಲಿಂಗವ್ವನಿಗೆ ದೃಷ್ಟಿಯ ಭಯ. ಕಳೆಯೊಳಗೂ ಅವಳ ಶೇಂಗಾ ಕರ್ರಗೆ, ಮಿರಮಿರ ಮಿಂಚುತ್ತಿತ್ತು. ಒಂಬತ್ತು ಹೆಂಗಸರೆಂದರೆ ಹದಿನೆಂಟು ಕಣ್ಣು. ಬಿದ್ದರೆ ಉಳಿಯುವುದುಂಟೆ? ಬಾಯಿ ತೆರೆಯುವ ಮೊದಲೇ ಬೆರಳು ಪಕ್ಕದ ಪಟ್ಟಿಯ ಹಳದಿ, ಬಡಕಲು ಬೆಳೆಯನ್ನು ತೋರಿಸಿತು. ಅದು ಸಾವಕಾರರ ಇನ್ನೊಂದು ಪಟ್ಟಿ ಹಿಡಿದಿದ್ದ ಶಂಕ್ರೆಪ್ಪನದು.

"ಅಯ್ಯ ಪಾಪ," ಎಂದರು ಎಲ್ಲರೂ.

ಬೆಳಿಗ್ಗೆ ತಾನೇ ಮುಂದೆ ಹೋಗಿ ನಿಂತು, ಬೇವಿನ ಸೊಪ್ಪು ನಿವಾಳಿಸಿ, ಆಮೇಲೆ ನಿಜ ಹೇಳಿದರಾಯಿತು ಎಂದು ಅವಳ ಲೆಕ್ಕ. ಆದರೆ "ಅಯ್ಯ ಪಾಪ" ಎಂದವರು ಬರೀ ಅಂದು ಸುಮ್ಮನಾಗಲಿಲ್ಲ. ಬಡವಿಯ ಹೊಲವೆಂದು ಸೂರ್ಯ ಹುಟ್ಟುವ ಮೊದಲೇ ಹೋಗಿ ಕುಳಿತುಬಿಟ್ಟರು. ಸಿದ್ದಲಿಂಗವ್ವ ರೊಟ್ಟಿ ಬುಟ್ಟಿ ಹೊತ್ತು ಬರುವಷ್ಟರಲ್ಲಿ ಕಳೆ ಹೋದ ಶಂಕ್ರೆಪ್ಪನ ಹೊಲಕ್ಕೆ ಎಂದೂ ಇಲ್ಲದ ಕಳೆ ಬಂದಿತ್ತು. ಶಂಕ್ರೆಪ್ಪ ಬದುವಿನ ಮೇಲೆ ತಂಬಾಕು ತಿಕ್ಕುತ್ತ, ಉಸಿರೆತ್ತದೆ ಕುಳಿತಿದ್ದ.

ನಿಜ ಹೇಳಲೇಬೇಕಾಯಿತು.

"ಹತ್ತ ದಿನಾ ನಮ್ಮನ್ನ ಕಳ್ಳರಂಗ ನೋಡಿದಿ," ಎಂದಳು ಕಾಡವ್ವ, ಕುರಪಿ ಒಗೆದು. "ಸುಳ್ಳು ಹೇಳಿದಾಕಿ ಮಾತ್ರ ನೀನ!"

"ನಿನ್ನ ಪಾಳಿ ಮುಗೀತು. ನಾಳಿಂದ ನಮ್ಮ ನಮ್ಮ ಕೆಲಸಾ ನಮಗ," ಎಂದಳು ಬಾಯವ್ವ.

ಪಡುವಣದಲ್ಲಿ ಮೋಡ ಏರುತ್ತಿತ್ತು. ಸಿದ್ದಲಿಂಗವ್ವ ರೊಟ್ಟಿ ಬುಟ್ಟಿ ಇಳಿಸಿದವಳೇ ನೆಟ್ಟಗೆ ಶಂಕ್ರೆಪ್ಪನ ಮುಂದೆ ಹೋಗಿ ನಿಂತಳು.

"ಏನಪಾ ಅಣ್ಣಾ, ನಾಳೆ ಎಷ್ಟ ಮಂದಿ ಕಳಸ್ತಿ ನನ್ನ ಹೊಲಕ್ಕ?"

"ನಾ ಏನ ಕರದಿದ್ನೇನ ಇವರನ್ನ? ದೇವರ ಕಳಿಸಿದಾ, ಬಂದ್ರು."

"ಕರದಿಲ್ಲ ಖರೆ. ಬ್ಯಾಡ ಅಂದ್ಯಾ? ಮುಂಜಾನಿಂದ ಬದುವಿನ ಮ್ಯಾಲ ಕುಂತ ನೋಡಿದಿ. ಮುಯ್ಯಿ ಉಂಡ ಮನಿ ಮುಯ್ಯಿ ಹಾಕಬೇಕು. ಇಲ್ಲಾಂದ್ರ ನಿಮ್ಮನ್ಯಾಗ ಮದವಿ ಆದಾಗ ರೊಟ್ಟಿ ಬಡಿಯಾಕ ದೇವರನ್ನ ಕರಿ."

ಶಂಕ್ರೆಪ್ಪ ಅವಳ ಹೆಗಲಾಚೆ ನೋಡಿ, ತಂಬಾಕು ಒಗೆದು ಎದ್ದುನಿಂತ. ಸಿದ್ದಲಿಂಗವ್ವ ತಿರುಗಿ ನೋಡಿದಳು. ಹಿಂದೆ ಒಂಬತ್ತೂ ಹೆಂಗಸರು ಕುರಪಿ ಹಿಡಿದು ನಿಂತಿದ್ದರು. ತನ್ನ ಪರವೋ, ತನ್ನನ್ನೇ ಹಿಡಿಯಲೋ ಎಂದು ಅವಳಿಗೆ ಒಂದು ಕ್ಷಣ ಸಂಶಯವೇ ಬಂತು.

ಮರುದಿನ ಶಂಕ್ರೆಪ್ಪ, ಅವನ ಇಬ್ಬರು ತಮ್ಮಂದಿರು, ಮೂವರ ಹೆಂಡಂದಿರು ಬಂದರು. ಗಂಡಸರು ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕೀಳುವುದನ್ನು ನೋಡಲು ಊರೇ ದಾರಿಯಲ್ಲಿ ನಿಂತಿತು. ಕೊನೆಯ ಸಾಲು ಮುಗಿಯುವುದಕ್ಕೂ ಮೊದಲ ಹನಿ ಬೀಳುವುದಕ್ಕೂ ಸರಿಹೋಯಿತು. ಶೇಂಗಾ ಉಳಿಯಿತು.

ಕೊಟ್ಟ ಮುಯ್ಯಿ ಹಿಂದಕ್ಕೆ ತರುವವಳು ಇವಳೇ ಎಂದು ಆ ವಾರವೇ ಸಂಘದವರು ಅವಳನ್ನು ಮುಂದಾಳು ಮಾಡಿದರು. ಕುರಪಿ ಕೊಡಿಸಿದ ಕುರ್ಚಿ ಅದು. ಕೂರುವ ಮುನ್ನ ಅದರ ನಾಲ್ಕೂ ಕಾಲು ಅಲುಗಾಡಿಸಿ ನೋಡಿದಳು. ಮುಂದೆ ಸಿರಸಂಗಿಗೆ ಹೋಗಿ ತಂಡ ಕಟ್ಟಿದಳು, ಯರಗಟ್ಟಿಗೆ ಹೋಗಿ ಕಟ್ಟಿದಳು. ಎಲ್ಲಿ ಹೋದರೂ ಮೊದಲ ಪಾಠ ಒಂದೇ: "ಪಾಳಿಗಿಂತ ಒಂದಿನಾ ಮೊದಲ ಹೋಗಿ ಹೊಲಾ ನೋಡ್ರಿ. ಹೊಲದಾಕಿ ಮಾತು ನಂಬಬ್ಯಾಡ್ರಿ."

೨೦೦೬ರಲ್ಲಿ ಸವದತ್ತಿಯಲ್ಲಿ ಅವಳಿಗೆ ಸನ್ಮಾನವಾಯಿತು. ಶಾಲು ಹೊದಿಸಿದಾಗ ಅದರ ಅಂಚನ್ನು ತಿಕ್ಕಿ ನೋಡಿದಳು. ಈಗ ತಲೆ ನರೆತಿದ್ದ ಅನ್ನಪೂರ್ಣಾ ಕಣ್ಣು ತುಂಬಿಕೊಂಡು ಮೈಕು ಮುಂದೆ ಹಿಡಿದಳು.

"ಅವ್ವಾರ, ಎಷ್ಟೋ ಸಂಘ ಹುಟ್ಟಿದವು, ಮುಚ್ಚಿದವು. ನೀವು ಒಂಬತ್ತ ವರ್ಷ ಬಿಡದಂಗ ಹಿಡಕೊಂಡ ಬಂದೀರಿ. ಯಾಕಂತ ಈ ಹೆಣ್ಣಮಕ್ಕಳಿಗೆ ಒಂದ ಮಾತ ಹೇಳ್ರಿ."

ಸಿದ್ದಲಿಂಗವ್ವ ಮುಂದಿನ ಸಾಲಿನಲ್ಲಿ ಹಾರ ಹಿಡಿದು ಕುಳಿತಿದ್ದ ಶಂಕ್ರೆಪ್ಪನನ್ನು ದಿಟ್ಟಿಸಿ ನೋಡಿದಳು.

"ಅವನ ಹೊಲಕ್ಕ ಹೋದವರು ಒಂಬತ್ತ ಮಂದಿರಿ, ನನ್ನ ಹೊಲಕ್ಕ ಬಂದವರು ಆರ. ಮೂರಾಳು ಇನ್ನೂ ಬರೂದೈತಿ. ಬಂದ ದಿನಾ ಬಿಟ್ಟಬಿಡ್ತೇನಿ."